ಕುದುರೆ ಗಬ್ಬ ಕಟ್ಟಿಸುವುದು ಹೇಗೆ? ಎಮ್ಮೆ ಲೆಕ್ಕ ಬಿಡಿ, ದಿನ ಎಣಿಸಿ

ಗಂಗಾವತಿ, ಸಿಂಧನೂರು, ಸಿರುಗುಪ್ಪದ ಕಡೆ ಇವತ್ತಿಗೂ ಕುದುರೆ ಸಾಕುವವರಿದ್ದಾರೆ. ಮದುವೆ ಮೆರವಣಿಗೆಗೆ ಬಾಡಿಗೆ ಬಿಡುವವರು, ಜಟಕಾ ಓಡಿಸುವವರು, ಕುರಿ ಹಿಂಡಿನ ಜೊತೆ ಸಾಮಾನು ಹೊರಿಸಿಕೊಂಡು ಊರೂರು ತಿರುಗುವ ಕುರಿಗಾಹಿಗಳು. ಹೆಚ್ಚಿನವರು ಕುದುರೆ ಕೊಳ್ಳುತ್ತಾರೆಯೇ ಹೊರತು ಮನೆಯಲ್ಲಿ ಮರಿ ಮಾಡಿಸುವುದು ಕಡಿಮೆ. ಇದು ಈ ಸೀಮೆಯ ಹಳೇ ಚಾಳಿ ಬಿಡಿ. 1530ರ ದಶಕದಲ್ಲಿ ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಒಂದು ಸಂಗತಿ ಬರೆದಿಟ್ಟಿದ್ದಾನೆ. ಅದಕ್ಕೂ ಹಿಂದೆ ವಿಜಯನಗರ ಆಳಿದ ಅರಸ ಸಾಳುವ ನರಸಿಂಹ ಹಡಗಿನಲ್ಲಿ ಬರುವ ಕುದುರೆಗಳನ್ನು ಎಷ್ಟು ಆಸೆಯಿಂದ ಕೊಳ್ಳುತ್ತಿದ್ದನೆಂದರೆ, ದಾರಿಯಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಪೂರ್ತಿ ದುಡ್ಡು ಕೊಡುತ್ತಿದ್ದನಂತೆ!

ಮನೆಯಲ್ಲೇ ಮರಿ ಮಾಡಿಸಲು ಹೊರಟವರು ಎಡವುವುದು ಸಾಮಾನ್ಯವಾಗಿ ಒಂದೇ ಕಡೆ. ಹಸು, ಎಮ್ಮೆ, ಕುರಿಯ ಅನುಭವವನ್ನೇ ಕುದುರೆಗೂ ಹಚ್ಚುತ್ತಾರೆ. ಹಸುವಿನ ಬೆದೆ ಒಂದು ದಿನದೊಳಗೆ ಮುಗಿಯುತ್ತದೆ, ಕುದುರೆಯದು 5ರಿಂದ 7 ದಿನ ಇರುತ್ತದೆ. ಕುರಿ ಅವಳಿ ಹಾಕಿದರೆ ಲಾಭ, ಕುದುರೆಗೆ ಅವಳಿ ನಿಂತರೆ ಹೆಚ್ಚಿನ ಸಲ ಎರಡೂ ಹೋಗುತ್ತವೆ. ಹಸುವಿನ ಮಾಸು ಬೀಳಲು 12 ಗಂಟೆ ಕಾಯಬಹುದು, ಕುದುರೆಗೆ ಅಷ್ಟು ಹೊತ್ತು ಕಾದರೆ ಜೀವಕ್ಕೇ ಅಪಾಯ. ಕುದುರೆಯ ಸಂತಾನದ ಬಗ್ಗೆ ಸಂಶೋಧಕರು ಕಂಡುಕೊಂಡಿದ್ದರಲ್ಲಿ ಸಾಕುವವರ ಕೈಗೆ ಸಿಗುವ ದೊಡ್ಡ ಉಪಕಾರವೆಂದರೆ ಈ ದಿನ, ಗಂಟೆಗಳ ಲೆಕ್ಕ. ಒಂದು ನೋಟ್‌ಬುಕ್ ಇಡಿ, ತಾರೀಕು ಬರೆಯುತ್ತಾ ಹೋಗಿ.

ಮೊದಲು ಕುದುರೆಯನ್ನು ನೋಡಿ

ಹೆಣ್ಣಿಗೆ ಮೂರು ವರ್ಷ ತುಂಬಿರಬೇಕು, ನಾಲ್ಕಾದರೆ ಇನ್ನೂ ಒಳ್ಳೆಯದು. 15 ವರ್ಷ ದಾಟಿದ ಮೇಲೆ ಗಬ್ಬ ನಿಲ್ಲುವುದು ಕಡಿಮೆಯಾಗುತ್ತಾ ಹೋಗುತ್ತದೆ. ಪಕ್ಕೆಲುಬು ಕಣ್ಣಿಗೆ ಕಾಣಬಾರದು, ಕೈಯಾಡಿಸಿದರೆ ಸಿಗಬೇಕು. ಮೈ ಅಷ್ಟಿದ್ದರೆ ಸರಿ.

ಬಾಲ ಎತ್ತಿಯೂ ನೋಡಿ. ಯೋನಿಯ ತುಟಿಗಳು ನೇರವಾಗಿ ಕೆಳಗಿಳಿದು ಬಿಗಿಯಾಗಿ ಮುಚ್ಚಿರಬೇಕು. ಗುದದ್ವಾರ ಒಳಗೆ ಹೋಗಿ ತುಟಿ ಓರೆಯಾಗಿದ್ದರೆ ಲದ್ದಿ ಒಳಗೆ ಬಿದ್ದು ಗರ್ಭಕೋಶಕ್ಕೆ ಸೋಂಕಾಗುತ್ತದೆ. ಮುದಿ ಕುದುರೆ, ಬಡಕಲು ಕುದುರೆಗಳಲ್ಲಿ ಇದು ಜಾಸ್ತಿ. ಮೇಲ್ಭಾಗಕ್ಕೆ ಹೊಲಿಗೆ ಹಾಕುವ ಚಿಕ್ಕ ಶಸ್ತ್ರಚಿಕಿತ್ಸೆಯನ್ನು ಪಶುವೈದ್ಯರು ಮಾಡುತ್ತಾರೆ. ಈಯುವ ಮೊದಲು ಆ ಹೊಲಿಗೆ ಬಿಚ್ಚಿಸಬೇಕು, ಮರೆಯಬೇಡಿ.

ಹೆಣ್ಣು ಗಂಡು ಎರಡಕ್ಕೂ ರಕ್ತ ಪರೀಕ್ಷೆ ಮಾಡಿಸಿ. ಗ್ಲಾಂಡರ್ಸ್ ಮನುಷ್ಯರಿಗೂ ಅಂಟುವ ರೋಗ, ಅದರ ವಿಷಯದಲ್ಲಿ ಮುಲಾಜು ಬೇಡ. ಪಶು ಆಸ್ಪತ್ರೆಯಲ್ಲಿ ಮಾದರಿ ತೆಗೆಸಿದರೆ ಇಂಥ ಪರೀಕ್ಷೆಗೆ ಹರಿಯಾಣದ ಹಿಸಾರ್‌ನಲ್ಲಿ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರವಿದೆ.

ಯಾವ ತಿಂಗಳು?

ಕುದುರೆ ಬೆದೆಗೆ ಬರುವುದನ್ನು ಹಗಲಿನ ಉದ್ದ ನಡೆಸುತ್ತದೆ. ಕತ್ತಲಲ್ಲಿ ಮಿದುಳಿನ ಒಂದು ಗ್ರಂಥಿ ಮೆಲಟೋನಿನ್ ಎಂಬ ಹಾರ್ಮೋನ್ ಬಿಡುತ್ತದೆ. ರಾತ್ರಿ ಉದ್ದವಾದಷ್ಟೂ ಅದು ಜಾಸ್ತಿ ಹೊತ್ತು ಸುರಿದು ಅಂಡಾಶಯವನ್ನು ಮಲಗಿಸುತ್ತದೆ. ತಣ್ಣನೆಯ ದೇಶಗಳಲ್ಲಿ ಚಳಿಗಾಲಕ್ಕೆ ಹೆಣ್ಣುಗಳು ಬೆದೆಗೇ ಬರುವುದಿಲ್ಲ. ಆದರೆ ಅಲ್ಲಿ ರೇಸ್ ಕುದುರೆಗಳಿಗೆಲ್ಲ ಲೆಕ್ಕದ ಹುಟ್ಟುಹಬ್ಬ ಜನವರಿ 1. ಬೇಗ ಹುಟ್ಟಿದ ಮರಿಗೆ ಬೆಲೆ. ಹಾಗಾಗಿ ಲಾಯದಲ್ಲಿ ದೀಪ ಹಾಕಿ ದಿನಕ್ಕೆ 16 ಗಂಟೆ ಬೆಳಕು ಕೊಟ್ಟು, ಎರಡು ತಿಂಗಳಲ್ಲಿ ಬೆದೆಗೆ ತರುವ ಉಪಾಯ ಕಂಡುಹಿಡಿದರು.

ನಮಗೆ ಅದರ ತಲೆನೋವು ಕಮ್ಮಿ. ಬಳ್ಳಾರಿ ಇರುವುದು ಸುಮಾರು 15 ಡಿಗ್ರಿ ಅಕ್ಷಾಂಶದಲ್ಲಿ. ಅತಿ ಉದ್ದದ ಹಗಲು 13 ಗಂಟೆಯ ಆಸುಪಾಸು, ಅತಿ ಚಿಕ್ಕದು 11 ಗಂಟೆ ಚಿಲ್ಲರೆ. ವರ್ಷದ ಬಹುಪಾಲು ಬೆದೆ ಸಿಗುತ್ತದೆ. ನಮ್ಮ ತೊಂದರೆ ಬಿಸಿಲು. ಏಪ್ರಿಲ್, ಮೇನಲ್ಲಿ ರಾಯಚೂರು 40 ಡಿಗ್ರಿ ದಾಟುತ್ತದಲ್ವಾ? ಆ ಕಾವಿಗೆ ಗಂಡಿನ ವೀರ್ಯ ಕೆಡುತ್ತದೆ. ಹೊಸ ವೀರ್ಯಾಣು ತಯಾರಾಗಿ ಹೊರಬರಲು ಸುಮಾರು ಎರಡು ತಿಂಗಳು ಬೇಕು. ಅಂದರೆ ಮೇ ತಿಂಗಳ ಬಿಸಿಲಿನ ಏಟು ಜುಲೈವರೆಗೂ ಇರುತ್ತದೆ.

ಹೀಗಾಗಿ ನನ್ನ ಆಯ್ಕೆ ಆಗಸ್ಟ್, ಸೆಪ್ಟೆಂಬರ್. ಗಂಡು ಸುಧಾರಿಸಿಕೊಂಡಿರುತ್ತದೆ, ಹೆಣ್ಣಿನ ಬೆದೆ ಇನ್ನೂ ಜೋರಾಗಿರುತ್ತದೆ. ಹನ್ನೊಂದು ತಿಂಗಳು ಕೂಡಿಸಿದರೆ ಮರಿ ಹುಟ್ಟುವುದು ಮುಂದಿನ ಜುಲೈ, ಆಗಸ್ಟ್‌ನಲ್ಲಿ. ಮಳೆ ಬಿದ್ದು ಹುಲ್ಲು ಚಿಗುರಿರುತ್ತದೆ. ಗಬ್ಬದ ಕೊನೆಯ ತಿಂಗಳುಗಳು ಬೇಸಿಗೆಗೆ ಸಿಗುತ್ತವೆ ಎನ್ನುವುದೊಂದು ಕೊರತೆ. ನೆರಳು, ನೀರು ಧಾರಾಳವಾಗಿರಬೇಕು.

ಬೆದೆ ಹಿಡಿಯುವುದು

ಬೆದೆ ಚಕ್ರ 21, 22 ದಿನಗಳದು. ಹಸುವಿನಂತೆ ಕುದುರೆ ಒಂದರ ಮೇಲೊಂದು ಹತ್ತಿ ತೋರಿಸುವುದಿಲ್ಲ. ಗಂಡು ಎದುರಿಗಿದ್ದರೆ ಮಾತ್ರ ಗುಟ್ಟು ಬಿಡುತ್ತದೆ. ದಿನ ಬಿಟ್ಟು ದಿನ ಗಂಡನ್ನು ಹತ್ತಿರ ತನ್ನಿ. ಮಧ್ಯೆ ಎದೆಮಟ್ಟದ ಗಟ್ಟಿ ಗೋಡೆ ಇರಲಿ. ಬೆದೆಯಲ್ಲಿದ್ದರೆ ಬಾಲ ಎತ್ತಿ, ಹಿಂಗಾಲು ಅಗಲಿಸಿ, ಸ್ವಲ್ಪ ಸ್ವಲ್ಪ ಉಚ್ಚೆ ಹೊಯ್ದು, ಯೋನಿಯ ತುಟಿಗಳನ್ನು ತೆರೆದು ಮುಚ್ಚಿ ಮಾಡುತ್ತದೆ. ಬೆದೆ ಇಲ್ಲದಿದ್ದರೆ ಕಿವಿ ಹಿಂದಕ್ಕೆ ಒತ್ತಿ, ಕಿರುಚಿ, ಒದೆಯುತ್ತದೆ. ಮರಿ ಜೊತೆಗಿರುವ ತಾಯಿ ಬೆದೆಯಲ್ಲಿದ್ದರೂ ತೋರಿಸದೆ ಮೋಸ ಮಾಡಬಹುದು. ಅಂಥದ್ದಕ್ಕೆ ಸ್ಕ್ಯಾನ್ ಒಂದೇ ದಾರಿ.

ಗಂಡು ಬಿಡುವುದು

ಬೆದೆ ಮುಗಿಯುವ ಒಂದೆರಡು ದಿನ ಮೊದಲು ಅಂಡ ಬಿಡುಗಡೆಯಾಗುತ್ತದೆ. ಅಂಡ ಬದುಕುವುದು ಅರ್ಧ ದಿನವೂ ಇಲ್ಲ. ಒಳ್ಳೆಯ ಗಂಡಿನ ವೀರ್ಯಾಣು ಹೆಣ್ಣಿನೊಳಗೆ ಎರಡು ದಿನ, ಕೆಲವೊಮ್ಮೆ ಇನ್ನೂ ಜಾಸ್ತಿ ಬದುಕುತ್ತದೆ. ಅಂದಮೇಲೆ ವೀರ್ಯ ಮೊದಲೇ ಹೋಗಿ ಕಾದಿರಬೇಕು. ಸ್ಕ್ಯಾನ್ ಸಿಗದಿದ್ದರೆ ಬೆದೆಯ ಎರಡನೇ ಅಥವಾ ಮೂರನೇ ದಿನದಿಂದ ಶುರು ಮಾಡಿ, ಹೆಣ್ಣು ಒದೆಯಲು ಶುರು ಮಾಡುವವರೆಗೆ ದಿನ ಬಿಟ್ಟು ದಿನ ಗಂಡು ಬಿಡಿ. ಸ್ಕ್ಯಾನ್ ಇದ್ದರೆ ಅಂಡದ ಕೋಶ 35 ಮಿಲಿಮೀಟರ್ ದಾಟಿದಾಗ ವೈದ್ಯರು ಇಂಜೆಕ್ಷನ್ ಕೊಡುತ್ತಾರೆ. ಸಾಮಾನ್ಯವಾಗಿ ಎರಡು ದಿನದೊಳಗೆ ಅಂಡ ಬಿಡುತ್ತದೆ. ಒಂದೇ ಸಲ ಗಂಡು ಬಿಟ್ಟರೂ ಸಾಕಾಗುತ್ತದೆ. ಗಂಡಿಗೆ ಬಾಡಿಗೆ ಕೊಟ್ಟು ದೂರದಿಂದ ತರಿಸುವವರಿಗೆ ಇದು ದೊಡ್ಡ ಉಳಿತಾಯ.

ಹೆಣ್ಣಿನ ಬಾಲಕ್ಕೆ ಬಟ್ಟೆ ಸುತ್ತಿ, ಹಿಂಭಾಗ ಶುದ್ಧ ನೀರಿನಿಂದ ತೊಳೆದು ಒರೆಸಿ. ಹಿಂಗಾಲಿಗೆ ಹಗ್ಗ ಕಟ್ಟಿ. ಒಂದು ಒದೆತಕ್ಕೆ ಗಂಡಿನ ಬಾಳು ಮುಗಿದುಹೋಗಬಹುದು.

16ನೇ ದಿನದೊಳಗೆ ಸ್ಕ್ಯಾನ್

ಇಡೀ ಕೆಲಸದಲ್ಲಿ ಒಂದೇ ಸಲ ದುಡ್ಡು ಖರ್ಚು ಮಾಡುವ ಶಕ್ತಿ ಇದ್ದರೆ ಇಲ್ಲಿ ಮಾಡಿ. ಇಲ್ಲಿ ದಿನ ಎಣಿಸುವುದು ಅಂಡ ಬಿಡುಗಡೆಯಾದ ದಿನದಿಂದ.

ಕುದುರೆಯ ಭ್ರೂಣದ ನಡೆ ವಿಚಿತ್ರ. ಗಬ್ಬ ನಿಲ್ಲದ ಅಂಡ ನಾಳದಲ್ಲೇ ಸಿಕ್ಕಿಕೊಂಡು ಕರಗುತ್ತದೆ. ಭ್ರೂಣವಾದ ಅಂಡ ಮಾತ್ರ ತಾನೇ ಒಂದು ರಾಸಾಯನಿಕ ಬಿಟ್ಟು, ನಾಳದ ಬಾಗಿಲು ತೆರೆಸಿಕೊಂಡು ಆರನೇ ದಿನದ ಹೊತ್ತಿಗೆ ಗರ್ಭಕೋಶಕ್ಕೆ ಇಳಿಯುತ್ತದೆ. ಅಲ್ಲೂ ಸುಮ್ನೆ ಕೂರುವುದಿಲ್ಲ. 16ನೇ ದಿನದವರೆಗೆ ಈ ತುದಿಯಿಂದ ಆ ತುದಿಗೆ ಓಡಾಡುತ್ತಲೇ ಇರುತ್ತದೆ. ಹಾಗೆ ಮೂಲೆ ಮೂಲೆ ಮುಟ್ಟಿದರೆ ಮಾತ್ರ ತಾಯಿಯ ಮೈಗೆ ಗಬ್ಬ ನಿಂತ ಸುದ್ದಿ ತಲುಪುತ್ತದೆ. ಇಲ್ಲದಿದ್ದರೆ ಮತ್ತೆ ಬೆದೆ ಬರುತ್ತದೆ.

ಈ ಓಡಾಟ ನಮಗೆ ಅನುಕೂಲ. 14ರಿಂದ 16ನೇ ದಿನದ ನಡುವೆ ಸ್ಕ್ಯಾನ್‌ನಲ್ಲಿ ಎರಡು ಭ್ರೂಣ ಕಂಡರೆ ವೈದ್ಯರು ಒಂದನ್ನು ಪಕ್ಕಕ್ಕೆ ತಂದು ಕೈಯಿಂದಲೇ ಒತ್ತಿ ತೆಗೆಯುತ್ತಾರೆ. ಇನ್ನೊಂದು ಬೆಳೆಯುತ್ತದೆ. 17 ದಾಟಿದರೆ ಎರಡೂ ಒಂದೇ ಕಡೆ ಅಂಟಿ ಕೂರಬಹುದು, ಆಗ ಕೆಲಸ ಕಷ್ಟ.

ಎರಡನೇ ಸ್ಕ್ಯಾನ್ 25ರಿಂದ 30ನೇ ದಿನದ ನಡುವೆ. ಹೃದಯ ಬಡಿತ ಕಾಣುತ್ತದೆ. ಅವಳಿ ಉಳಿದಿದ್ದರೆ ಏನಾದರೂ ಮಾಡಲು ಇದು ಕೊನೆಯ ಅವಕಾಶ. ಯಾಕೆಂದರೆ 35ನೇ ದಿನದ ನಂತರ ಗರ್ಭಕೋಶದಲ್ಲಿ ಪುಟ್ಟ ಬಟ್ಟಲುಗಳಂಥ ರಚನೆ ಮೂಡಿ ಒಂದು ಹಾರ್ಮೋನ್ ಬಿಡಲು ಶುರು ಮಾಡುತ್ತವೆ. ಆಮೇಲೆ ಗಬ್ಬ ಹೋದರೂ ಆ ಬಟ್ಟಲುಗಳು ಕರಗುವವರೆಗೆ, ಅಂದರೆ ಮೂರ್ನಾಲ್ಕು ತಿಂಗಳು, ಹೆಣ್ಣು ಸರಿಯಾಗಿ ಬೆದೆಗೆ ಬರುವುದಿಲ್ಲ. ರಕ್ತ ಪರೀಕ್ಷೆ ಗಬ್ಬ ಎಂದೇ ಹೇಳುತ್ತಿರುತ್ತದೆ! 1930ರಲ್ಲಿ ಪತ್ತೆಯಾದ ಈ ಹಾರ್ಮೋನನ್ನೇ ಹಸು, ಕುರಿಗಳನ್ನು ಬೆದೆಗೆ ತರುವ ಇಂಜೆಕ್ಷನ್ ಆಗಿ ಬಳಸುತ್ತಾರೆ. ಮೆಡಿಕಲ್ ಶಾಪಿನಲ್ಲಿ ಸಿಗುವ ಹೆಂಗಸರ ಗರ್ಭ ಪರೀಕ್ಷೆ ಕಿಟ್ ಹಿಡಿಯುವುದು ಬೇರೆ ಹಾರ್ಮೋನ್. ಕುದುರೆಗೆ ಅದು ಕೆಲಸಕ್ಕೆ ಬಾರದು.

ಹನ್ನೊಂದು ತಿಂಗಳು

ನಮ್ಮದು ಜೋಳದ ನಾಡು, ಹಾಗಾಗಿ ಇದೊಂದನ್ನು ಒತ್ತಿ ಹೇಳಬೇಕು. ಬೆಳೆಯುತ್ತಿರುವ ಹಸಿ ಜೋಳದ ಹೊಲಕ್ಕೆ ಗಬ್ಬದ ಕುದುರೆ ಬಿಡಬೇಡಿ. ಅದರಲ್ಲಿ ಸಯನೈಡ್ ಅಂಶವಿದೆ. ಹಸಿ ಜೋಳ ಮೇಯುವ ಕುದುರೆಗಳಿಗೆ ಹಿಂಗಾಲು ಸೋತು ಉಚ್ಚೆ ಸೋರುವ ರೋಗ ಬರುತ್ತದೆ. ಗಬ್ಬದ ಮೊದಲ ತಿಂಗಳುಗಳಲ್ಲಿ ಮೇಯ್ದರೆ ಮರಿಯ ಕಾಲಿನ ಕೀಲು ಬಿಗಿದುಕೊಂಡು ಹುಟ್ಟುವುದೂ ಉಂಟು. ಎಮ್ಮೆ ತಿಂದು ಅರಗಿಸಿಕೊಂಡಿತು ಅಂತ ಕುದುರೆಗೆ ಹಾಕಬಾರದು. ಬೂಷ್ಟು ಹಿಡಿದ ಮೇವೂ ಬೇಡ. ಒಣ ಹುಲ್ಲು, ಸ್ವಲ್ಪ ಕುದುರೆ ಮಸಾಲೆ ಸೊಪ್ಪು (ಲೂಸರ್ನ್ ಮೇವು), ನೆನೆಸಿದ ಹುರುಳಿ ಅಥವಾ ಕಡಲೆ ಸಾಕು. ಮರಿ ಹೆಚ್ಚು ಬೆಳೆಯುವುದು ಕೊನೆಯ ಮೂರು ತಿಂಗಳಲ್ಲಿ, ಆಗ ಕಾಳು ಹೆಚ್ಚಿಸಿ. ಗಾಡಿ ಕಟ್ಟುವುದನ್ನೂ ಆಗ ನಿಲ್ಲಿಸಿ, ಓಡಾಟ ಇರಲಿ.

ಗಬ್ಬ ಉದುರಿಸುವ ಹರ್ಪಿಸ್ ವೈರಸ್‌ಗೆ 5, 7, 9ನೇ ತಿಂಗಳಲ್ಲಿ ಲಸಿಕೆ ಹಾಕುವ ಪದ್ಧತಿ ಇದೆ. ಸಿಗುತ್ತದೆಯೇ ಎಂದು ವೈದ್ಯರನ್ನು ಕೇಳಿ. ಈಯುವ ತಿಂಗಳ ಮುಂಚೆ ಧನುರ್ವಾಯು ಲಸಿಕೆ ತಪ್ಪಿಸಬೇಡಿ.

ಈಯುವ ರಾತ್ರಿ

ದಿನ ಗೊತ್ತಾಗಬೇಕಾದರೆ ಕೆಚ್ಚಲು ನೋಡಿ. ಎರಡು, ಮೂರು ವಾರ ಮೊದಲು ತುಂಬಿಕೊಳ್ಳುತ್ತದೆ. ಮೊಲೆತೊಟ್ಟಿನ ತುದಿಯಲ್ಲಿ ಮೇಣದಂಥ ಹನಿ ಕಂಡರೆ ಇನ್ನೊಂದೆರಡು ದಿನ. ಸಾಮಾನ್ಯವಾಗಿ 320ರಿಂದ 360 ದಿನದೊಳಗೆ, ಬಹುತೇಕ ರಾತ್ರಿಯೇ ಈಯುತ್ತದೆ.

ನೀರು ಒಡೆದ ಮೇಲೆ ಅರ್ಧ ಗಂಟೆಯೊಳಗೆ ಮರಿ ಹೊರಬರಬೇಕು. ಬರದಿದ್ದರೆ ಕೂಡಲೇ ವೈದ್ಯರನ್ನು ಕರೆಯಿರಿ. 1962ಕ್ಕೆ ಫೋನ್ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನ ಸಿಗುತ್ತದೆ. ಆದರೆ ರಾತ್ರಿ ಬರುವ ವೈದ್ಯರೊಬ್ಬರನ್ನು ವಾರ ಮೊದಲೇ ಮಾತಾಡಿಸಿಟ್ಟುಕೊಳ್ಳಿ. ಮೊದಲು ಕಾಣುವ ಚೀಲ ಬಿಳಿಯಾಗಿರಬೇಕು. ಕೆಂಪು ಚೀಲ ಕಂಡರೆ ಮಾಸು ಮೊದಲೇ ಬಿಟ್ಟಿದೆ, ಮರಿಗೆ ಉಸಿರಿಲ್ಲ ಎಂದರ್ಥ. ಯಾರಿಗೂ ಕಾಯದೆ ಚೀಲ ಕತ್ತರಿಸಿ ಮರಿಯನ್ನು ಎಳೆಯಿರಿ.

ಒಂದು ಗಂಟೆಯೊಳಗೆ ಮರಿ ನಿಲ್ಲಬೇಕು. ಎರಡು ಗಂಟೆಯೊಳಗೆ ಹಾಲು ಕುಡಿಯಬೇಕು. ಮೂರು ಗಂಟೆಯೊಳಗೆ ತಾಯಿಯ ಮಾಸು ಬೀಳಬೇಕು. ಮಾಸು ಜೋತುಬಿದ್ದರೆ ಎಳೆಯಬೇಡಿ, ಕಲ್ಲು ಕಟ್ಟಬೇಡಿ. ಬಾಲಕ್ಕೆ ಎತ್ತಿ ಕಟ್ಟಿ ವೈದ್ಯರಿಗೆ ಕಾಯಿರಿ. ಒಳಗೆ ಉಳಿದರೆ ನಂಜೇರಿ ಗೊರಸಿನ ಬಾವು ಬರುತ್ತದೆ, ಕುದುರೆ ಕಾಲು ಕಳೆದುಕೊಂಡಂತೆಯೇ.

ಗಿಣ್ಣುಹಾಲು ಚೆಲ್ಲುವ ರೂಢಿ ಇದ್ದರೆ ಇವತ್ತೇ ಬಿಡಿ. ಹೊಟ್ಟೆಯಲ್ಲಿದ್ದಾಗ ತಾಯಿಯಿಂದ ಮರಿಗೆ ರೋಗನಿರೋಧಕ ಶಕ್ತಿ ದಾಟುವುದಿಲ್ಲ, ಗಿಣ್ಣಿನಿಂದಲೇ ಬರಬೇಕು. ಒಂದು ದಿನ ಕಳೆದರೆ ಮರಿಯ ಕರುಳು ಅದನ್ನು ಹೀರುವುದನ್ನೇ ನಿಲ್ಲಿಸುತ್ತದೆ.

ಮುಂದಿನ ಸಲಕ್ಕೆ

ಈದ 7ರಿಂದ 10ನೇ ದಿನಕ್ಕೆ ಕುದುರೆ ಮತ್ತೆ ಬೆದೆಗೆ ಬರುತ್ತದೆ. ಹಸು ಸಾಕಿದವರಿಗೆ ಇದು ನಂಬಲಾಗದ ಮಾತು. ಈದದ್ದು ಸಲೀಸಾಗಿ, ಮಾಸು ಪೂರ್ತಿ ಬಿದ್ದಿದ್ದರೆ ಆಗಲೇ ಗಂಡು ಬಿಡುವವರಿದ್ದಾರೆ. ಗಬ್ಬ ನಿಲ್ಲುವುದು ಕಡಿಮೆ, ನಿಂತದ್ದು ಉದುರುವುದು ಜಾಸ್ತಿ. ನಾನಾದರೆ ಆ ಬೆದೆ ಬಿಟ್ಟು, ತಿಂಗಳ ಹೊತ್ತಿಗೆ ಬರುವ ಮುಂದಿನ ಬೆದೆಗೆ ಕಾಯುತ್ತೇನೆ.

ಹೊರಲಾಗದ ಮುದಿ ಹೆಣ್ಣಿನ ತಳಿ ಉಳಿಸಬೇಕೆನ್ನುವವರಿಗೆ ಭ್ರೂಣ ವರ್ಗಾವಣೆ ಇದೆ. ಹಿಸಾರ್ ಕೇಂದ್ರದ ಬಿಕಾನೇರ್ ಶಾಖೆಯಲ್ಲಿ 2023ರಲ್ಲಿ ರಾಜ್ ಪ್ರಥಮಾ ಎಂಬ ಮಾರ್ವಾಡಿ ತಳಿಯ ಮರಿ ಹೀಗೆ ಬಾಡಿಗೆ ತಾಯಿಯ ಹೊಟ್ಟೆಯಿಂದ ಹುಟ್ಟಿತು. ಅದೇ ವರ್ಷ ಘನೀಕರಿಸಿಟ್ಟ ಭ್ರೂಣದಿಂದ ರಾಜ್ ಹಿಮಾನಿ ಹುಟ್ಟಿತು. ರೇಸ್ ಕುದುರೆಗೆ ಮಾತ್ರ ಇದಕ್ಕೆ ಒಪ್ಪಿಗೆ ಇಲ್ಲ. ಗಂಡು ಬಿಟ್ಟೇ ಹುಟ್ಟಿದ ಮರಿಯಷ್ಟೇ ರೇಸ್ ತಳಿಯಾದ ಥರೋಬ್ರೆಡ್ ದಾಖಲೆಗೆ ಸೇರುತ್ತದೆ.