ಕರಿಕಲ್ಲಿನಿಂದ ಎಳೆ ತೆಗೆದ ಅನುಭವ

ನಮ್ಮದು ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಮನೆ. ಗೂಡು ಬೇಯಿಸಿ, ತುದಿ ಹುಡುಕಿ, ಎಂಟು-ಹತ್ತು ಎಳೆ ಸೇರಿಸಿ ಚರಕಕ್ಕೆ ಕೊಡುವುದು ಕೈಗೆ ಪಳಗಿದ ಕೆಲಸ. ಆದರೆ ಅಲ್ಲಿ ಎಳೆಯನ್ನು ಹುಳು ಮೊದಲೇ ಮಾಡಿಟ್ಟಿರುತ್ತದೆ, ನಾವು ಬಿಚ್ಚುತ್ತೇವೆ ಅಷ್ಟೆ. ಎಳೆಯನ್ನು ನಾನೇ ಹುಟ್ಟಿಸಬೇಕು, ಅದೂ ಕಲ್ಲಿನಿಂದ ಅನ್ನೋ ಹುಚ್ಚು ಹಿಡಿದದ್ದು ಬಸಾಲ್ಟ್ ಅನ್ನೋ ಕಪ್ಪು ಲಾವಾ ಕಲ್ಲಿನ ನೂಲಿಂದ ನೇಯ್ದ ಬಟ್ಟೆಯ ತುಂಡೊಂದು ಸಿಕ್ಕ ಮೇಲೆ. ಗ್ಯಾಸ್ ಒಲೆಯ ಉರಿಗೆ ಹಿಡಿದರೂ ಅದು ಸುಡಲಿಲ್ಲ.

ಕೈ ಪಳಗಲಿ ಅಂತ ಗಾಜಿನಿಂದ ಶುರು ಮಾಡಿದೆ. ಬಾಟಲಿ ಗಾಜು 700 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಮೆತ್ತಗಾಗುತ್ತದೆ, 1000ದ ಹತ್ತಿರ ಎಳೆದಂತೆ ಚೆನ್ನಾಗಿ ಉದ್ದವಾಗುತ್ತದೆ. ಗಾಜು ಒಂದೇ ಸಲ ಕರಗುವುದಿಲ್ಲ, ಒಂದೇ ಸಲ ಗಟ್ಟಿಯಾಗುವುದೂ ಇಲ್ಲ. ಹಾಗಾಗಿ ಎಳೆಯಲು ಬೇಕಾದಷ್ಟು ಸಮಯ ಸಿಗುತ್ತದೆ.

ನಂದಿ ಬೆಟ್ಟದ ಸುತ್ತ ಎಲ್ಲಿ ನೋಡಿದರೂ ಗ್ರಾನೈಟ್. ಜಲ್ಲಿ ಪುಕ್ಕಟೆ ಸಿಗುತ್ತದೆ, ಆದರೆ ಈ ಕೆಲಸಕ್ಕೆ ಆಗಿಬರಲ್ಲ. ಅದರಲ್ಲಿ ಸಿಲಿಕಾ, ಅಂದರೆ ಮರಳಿನಲ್ಲಿರುವ ಮುಖ್ಯ ಅಂಶ, ಶೇ. 70ರ ಆಸುಪಾಸು. ಕರಗಿದ್ದು ಎಷ್ಟು ಅಂಟೆಂದರೆ ಗುಳ್ಳೆಗಳು ಮೇಲೆ ಬರುವುದಿಲ್ಲ, ಬಿಳಿ ಸ್ಫಟಿಕದ ಕಾಳು ಹಾಗೇ ಉಳಿಯುತ್ತದೆ. ಎಳೆದರೆ ಕಾಳು ಇರುವಲ್ಲೇ ಕಡಿಯುತ್ತದೆ.

ಬೇಕಾದದ್ದು ಕರಿಕಲ್ಲು. ನಮ್ಮ ಕಡೆ ಗ್ರಾನೈಟ್ ನಡುವೆ ಗೋಡೆ ಎದ್ದಂತೆ ಹಾಯ್ದಿರುತ್ತಲ್ಲ, ಆ ಡಾಲರೈಟ್. ಬಸಾಲ್ಟಿನ ಬಳಗದ್ದೇ. ಸಿಲಿಕಾ ಅರ್ಧದಷ್ಟು, ಉಳಿದದ್ದರಲ್ಲಿ ಕಬ್ಬಿಣ, ಸುಣ್ಣ, ಮೆಗ್ನೀಷಿಯಂ ಜಾಸ್ತಿ. ಅದಕ್ಕೇ ತೆಳ್ಳಗೆ ಕರಗುತ್ತದೆ. ಪಾಲಿಶ್ ಯೂನಿಟ್‌ನ ಹೊರಗೆ ಬಿದ್ದ ಚೂರು ಸಾಕಾಯಿತು. ಕೆಜಿಎಫ್ ಕಡೆಯ ಕಪ್ಪು ಕಲ್ಲನ್ನೂ ನೋಡಿದೆ. ಅದು ಸುಮಾರು 270 ಕೋಟಿ ವರ್ಷ ಹಿಂದಿನ ಲಾವಾ. ಆದರೆ ಅದರ ಹಾರ್ನ್‌ಬ್ಲೆಂಡ್ ಖನಿಜದೊಳಗೇ ನೀರಿನ ಅಂಶ ಇದೆ, ಕರಗುವಾಗ ನೊರೆ ಏಳುತ್ತದೆ. ಒಮ್ಮೆ ಕರಗಿಸಿ, ನೀರಿಗೆ ಸುರಿದು, ಪುಡಿ ಮಾಡಿ ಮತ್ತೆ ಕರಗಿಸಬೇಕು. ಡಾಲರೈಟ್‌ಗೆ ಅಷ್ಟು ರಗಳೆ ಇಲ್ಲ.

ಹಸಿ ಕಲ್ಲಿಗೆ ನೇರ ಉರಿ ಕೊಟ್ಟರೆ ಸಿಡಿಯುತ್ತದೆ. ಇದ್ದಿಲಲ್ಲಿ ನಿಧಾನಕ್ಕೆ ಕೆಂಪಗೆ ಕಾಯಿಸಿ, ದೂರ ನಿಂತು ನೀರಿಗೆ ಹಾಕಿದರೆ ಬಿರುಕು ಬಿಟ್ಟು ಸುಲಭವಾಗಿ ಪುಡಿಯಾಗುತ್ತದೆ. ಮೂಸೆ, ಅಂದರೆ ಕರಗಿಸುವ ಪಾತ್ರೆ, ಅಲ್ಯೂಮಿನಾ ಅನ್ನೋ ಸೆರಾಮಿಕ್‌ನದ್ದೇ ಇರಲಿ. ಗ್ರಾಫೈಟ್ ಮೂಸೆಯ ಇಂಗಾಲ ಕಲ್ಲಿನ ಕಬ್ಬಿಣವನ್ನು ಬೇರೆ ಮಾಡಿ ತಳದಲ್ಲಿ ಲೋಹದ ಮಣಿ ಕೂರಿಸುತ್ತದೆ. ಬೆಂಕಿ ಇಟ್ಟಿಗೆಯ ಪುಟ್ಟ ಒಲೆ, ಗ್ಯಾಸಿನ ಜೊತೆ ಆಕ್ಸಿಜನ್.

ನಿಜವಾದ ಆಟ ಇರುವುದು ಶಾಖದಲ್ಲಿ. ಪೂರ್ತಿ ಕರಗಲು 1400 ಡಿಗ್ರಿಗಿಂತ ಮೇಲೆ ಹೋಗಬೇಕು. ಎಳೆ ಬರುವುದು 1300ರ ಆಸುಪಾಸು. ಅಲ್ಲಿಂದ 1200ರ ಕಡೆ ಜಾರಿದರೆ ಒಳಗೆ ಹರಳು ಕಟ್ಟಲು ಶುರು, ಆಮೇಲೆ ಎಳೆ ಪಟಪಟ ಕಡಿಯುತ್ತದೆ. ಇನ್ನೊಂದು ತೊಡಕು ಬಣ್ಣದ್ದು. ಕರಗಿದ ಕರಿಕಲ್ಲು ಶಾಖವನ್ನು ಮೇಲ್ಪದರದಲ್ಲೇ ಹಿಡಿದುಕೊಳ್ಳುತ್ತದೆ, ಆಳಕ್ಕೆ ಬಿಡುವುದಿಲ್ಲ. ಮೇಲೆ ಫಳಫಳ ಅಂತಿದ್ದರೂ ಕೆಳಗೆ ಗಟ್ಟಿ. ಆಳದ ಮೂಸೆ ಬಿಟ್ಟು ಅಗಲದ್ದು ತೊಗೊಂಡ ಮೇಲೇ ಕೆಲಸ ಸಲೀಸಾಯಿತು.

ಸೆರಾಮಿಕ್ ಕಡ್ಡಿ ಅದ್ದಿ ಮೇಲೆತ್ತಿ, ಬಂದ ಎಳೆಯನ್ನು ಹಳೆ ಚರಕದ ರಾಟೆಗೆ ಕಟ್ಟಿದೆ. ಹೊಲಿಗೆ ಯಂತ್ರದ ಮೋಟಾರಿನಿಂದ ತಿರುಗಿಸಿದೆ. ವೇಗ ನಾಲ್ಕು ಪಟ್ಟಾದರೆ ದಪ್ಪ ಅರ್ಧವಾಗುತ್ತದೆ, ಲೆಕ್ಕ ಸರಳ. ದಪ್ಪ ಎಳೆ ಕಪ್ಪಗೆ ಕಾಣುತ್ತದೆ. ತೆಳುವಾದಂತೆ ಹೊಂಬಣ್ಣದ ಕಂದು. ನನ್ನದು ತಲೆಕೂದಲಿನ ದಪ್ಪಕ್ಕೆ ಇಳಿದಿದೆ. ಕಾರ್ಖಾನೆಯದು 10ರಿಂದ 20 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ ಒಂದು ಮೈಕ್ರಾನ್), ಹೆಚ್ಚುಕಡಿಮೆ ರೇಷ್ಮೆ ಎಳೆಯಷ್ಟೇ.

ರೇಷ್ಮೆಗೆ ಸೆರಿಸಿನ್ ಅನ್ನೋ ಗೋಂದು ಹುಟ್ಟಿನಿಂದಲೇ ಇರುತ್ತದೆ. ಕಲ್ಲಿನ ಎಳೆಗೆ ಅದಿಲ್ಲ. ಒಂದಕ್ಕೊಂದು ಉಜ್ಜಿದರೆ ಗೀರು ಬಿದ್ದು ಮುರಿಯುತ್ತವೆ. ನೇಕಾರರು ಮಗ್ಗದ ಹಾಸು ನೂಲಿಗೆ ಹಾಕುವಂಥ ತೆಳು ಗಂಜಿಗೆ ಎರಡು ಹನಿ ಎಣ್ಣೆ ಬೆರೆಸಿ, ಎಳೆ ಸುತ್ತುವ ದಾರಿಯಲ್ಲೇ ಸವರಿದೆ. ಗಾಜಿನ ನೂಲಿಗೂ ಪಿಷ್ಟ ಮತ್ತು ಎಣ್ಣೆ ಬಳಸುವ ರೂಢಿ ಇದೆ.

ಬರೀ ಶಾಖ ತಡೆಯುವ ಹತ್ತಿ ಸಾಕು ಅಂದರೆ ಇಷ್ಟು ಕಷ್ಟ ಬೇಡ. ಕರಗಿದ ಕಲ್ಲನ್ನು ತಿರುಗುವ ಚಕ್ರದ ಮೇಲೆ ಬಿಟ್ಟು ಬಾಂಬೆ ಮಿಠಾಯಿ ಥರ ಚದುರಿಸುತ್ತಾರೆ, ಅದೇ ರಾಕ್ ವುಲ್. ಮನೆಯಲ್ಲಿ ಇದನ್ನು ಮಾತ್ರ ಮಾಡಲು ಹೋಗಬೇಡಿ, ಬೆಂಕಿ ಹನಿ ಎಲ್ಲ ದಿಕ್ಕಿಗೂ ಹಾರುತ್ತದೆ. ಎಳೆ ತೆಗೆಯುವಾಗಲೂ ವೆಲ್ಡಿಂಗ್ ಕನ್ನಡಕ, ಮಾಸ್ಕ್, ತುಂಬು ತೋಳಿನ ಹತ್ತಿ ಅಂಗಿ ಇರಲೇಬೇಕು. ಚೂರು ಚರ್ಮಕ್ಕೆ ಹೊಕ್ಕರೆ ದಿನವಿಡೀ ತುರಿಕೆ.

ಒಂದೇ ಸಲ ನೂರಾರು ಎಳೆ ಬೇಕಾದರೆ ತಳದಲ್ಲಿ ತೂತುಗಳಿರುವ ತಟ್ಟೆ ಬೇಕು. ಆ ಶಾಖಕ್ಕೆ ಸ್ಟೀಲ್, ಹೀಟರ್ ತಂತಿಯ ನೈಕ್ರೋಮ್ ತಡೆಯುವುದಿಲ್ಲ. ಕಾರ್ಖಾನೆಯವರು ಪ್ಲಾಟಿನಂ-ರೋಡಿಯಂ ಹಾಕುತ್ತಾರೆ. ಅದರ ರೇಟು ವಿಚಾರಿಸಿ ಸುಮ್ನೆ ಎದ್ದು ಬಂದೆ. ಸದ್ಯ ಒಂಟಿ ಎಳೆಯೇ ಗತಿ.