ಮನೆಯಲ್ಲಿ ಕಟ್ಟಿದ ವಿಮಾನಕ್ಕೆ ಕಡಿಮೆ ಖರ್ಚಿನ ಚಕ್ರ, ಬ್ರೇಕು

ಅಮೆರಿಕದಲ್ಲಿ ಗ್ಯಾರೇಜಿನಲ್ಲೇ ಪುಟ್ಟ ವಿಮಾನ ಕಟ್ಟುವವರಿದ್ದಾರೆ. ರೆಕ್ಕೆ, ಎಂಜಿನ್ ಅಂತ ವರ್ಷಗಟ್ಟಲೆ ಸುರಿಯುತ್ತಾರೆ. ಚಕ್ರದ ಹೊತ್ತಿಗೆ ಜೇಬು ಖಾಲಿ. ಎಡವಟ್ಟು ಶುರುವಾಗುವುದೇ ಅಲ್ಲಿ.

ಮೊದಲು ಲೆಕ್ಕ. 600 ಕೆ.ಜಿ. ವಿಮಾನ ಗಂಟೆಗೆ 80 ಕಿ.ಮೀ. ವೇಗದಲ್ಲಿ ನೆಲ ಮುಟ್ಟಿತು ಅನ್ನಿ. ಅದನ್ನು ಬ್ರೇಕೊಂದರಿಂದಲೇ ನಿಲ್ಲಿಸಲು ಸುಮಾರು 148 ಕಿಲೋಜೂಲ್ ಶಕ್ತಿ ನುಂಗಬೇಕು. ವೇಗ 100 ಆದರೆ 231! ಅಮೆರಿಕದ ಪಟ್ಟಿಗಳಲ್ಲಿ ಇದು ಫುಟ್-ಪೌಂಡಿನಲ್ಲಿರುತ್ತದೆ: ಒಂದು ಕಿಲೋಜೂಲ್ ಅಂದರೆ ಸುಮಾರು 738 ಫುಟ್-ಪೌಂಡ್. ನಿಮ್ಮ ಲೆಕ್ಕದ ಅರ್ಧವನ್ನು ಬ್ರೇಕಿರುವ ಎರಡು ಚಕ್ರಗಳಲ್ಲಿ ಒಂದೊಂದರ ಪಾಲಿಗೆ ಹಾಕಿ, ಅಷ್ಟನ್ನು ತಡೆಯುವ ಬ್ರೇಕು ಯಾವುದು ಅಂತ ತಯಾರಕರ ಪಟ್ಟಿಯಲ್ಲಿ ನೋಡಿ. ಗೋ-ಕಾರ್ಟ್ ಚಕ್ರ ತೀರಾ ಹಗುರ ವಿಮಾನಕ್ಕೆ ಸರಿ. ಅಡ್ಡಗಾಳಿಯಲ್ಲಿ ಇಳಿಯುವ ಭಾರದ ವಿಮಾನಕ್ಕೆ ಬೇಡವೇ ಬೇಡ.

ಹುಡುಕುವುದು ಎಲ್ಲಿ? ಜುಲೈನಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಆಶ್‌ಕಾಶ್ ಊರಿನ ವಿಮಾನ ಜಾತ್ರೆಗೆ ಹೋದರೆ ಹಳೇ ಸಾಮಾನಿನ ಸಂತೆಯೇ ಇರುತ್ತದೆ. ಗುಜರಿಗೆ ಬಿದ್ದ ಪೈಪರ್ ಚೆರೋಕಿ ಅನ್ನುವ ಪುಟ್ಟ ವಿಮಾನದ ಕ್ಲೀವ್‌ಲ್ಯಾಂಡ್ ಕಂಪನಿಯ ಚಕ್ರ-ಬ್ರೇಕಿನ ಜೋಡಿ ಸಿಕ್ಕರೆ ಬಿಡಬೇಡಿ. ಹೆಸರಿಲ್ಲದ ಹೊಸ ಚಕ್ರಕ್ಕಿಂತ ಅದೇ ವಾಸಿ, ಲೈನಿಂಗ್ (ಡಿಸ್ಕಿಗೆ ಉಜ್ಜಿ ಸವೆಯುವ ಪಟ್ಟಿ) ಸುಲಭವಾಗಿ ಸಿಗುತ್ತದೆ. ಡಿಸ್ಕಿನ ದಪ್ಪ ಮೈಕ್ರೋಮೀಟರಿನಲ್ಲಿ ಅಳೆಯಿರಿ, ಬೋಲ್ಟ್ ತೂತುಗಳ ಸುತ್ತ ಬಿರುಕಿದೆಯಾ ನೋಡಿ, ಆಕ್ಸಲ್ ಅಳತೆ ಕೇಳಿ. ಈ ಚಕ್ರ ಎರಡು ಹೋಳು. ಟೈರಿನ ಗಾಳಿ ಪೂರ್ತಿ ಬಿಡದೆ ಹೋಳು ಜೋಡಿಸಿದ ಬೋಲ್ಟ್ ಬಿಚ್ಚಿದರೆ ಹೋಳು ಮುಖಕ್ಕೇ ಹಾರುತ್ತದೆ.

ಇನ್ನು ಎಲ್ಲರೂ ಕೆಡಿಸುವ ಭಾಗ: ಬ್ರೇಕ್ ಆಯಿಲ್. ವಿಮಾನದ ಬ್ರೇಕಿಗೆ ಸಾಮಾನ್ಯವಾಗಿ 5606 ಅನ್ನುವ ಕೆಂಪು ಖನಿಜ ತೈಲ. ಅದಕ್ಕೆ ನೈಟ್ರೈಲ್ ರಬ್ಬರಿನ ಓ-ರಿಂಗ್, ಅಂದರೆ ತೈಲ ಸೋರದಂತೆ ತಡೆಯುವ ಬಳೆ. ಕಾರಿನದು ಡಾಟ್ 3. ಅದಕ್ಕೆ ಇಪಿಡಿಎಂ ಅನ್ನುವ ಬೇರೆ ಜಾತಿಯ ರಬ್ಬರ್. ಅದಲುಬದಲಾದರೆ ರಬ್ಬರ್ ಕೆಡುತ್ತದೆ. ನನ್ನ ಗೆಳೆಯರೊಬ್ಬರು ಅಗ್ಗ ಅಂತ ಕಾರಿನ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ತೈಲ ತಳ್ಳುವ ಭಾಗ) ಕೂರಿಸಿ ಕೆಂಪು ತೈಲ ತುಂಬಿದರು. ಕೆಲವೇ ದಿನಕ್ಕೆ ರಬ್ಬರ್ ಉಬ್ಬಿ, ಒತ್ತಿದ ಪೆಡಲ್ ವಾಪಸ್ ಬರಲಿಲ್ಲ. ಅಂಗಳದಲ್ಲೇ ಚಕ್ರ ಕಚ್ಚಿಕೊಂಡಿತು, ಪುಣ್ಯಕ್ಕೆ ಹಾರುವ ಮೊದಲು. ಹಳೇ ಬ್ರೇಕಿನಲ್ಲಿ ಯಾವ ತೈಲ ಇತ್ತು ಅಂತ ಮಾರುವವನಿಗೂ ನೆನಪಿರುವುದಿಲ್ಲ. ಹಾಗಾಗಿ ಕೇಳಲೇಬೇಡಿ. ಕ್ಯಾಲಿಪರ್ (ಡಿಸ್ಕನ್ನು ಹಿಡಿಯುವ ಭಾಗ), ಸಿಲಿಂಡರ್ ಎರಡನ್ನೂ ಬಿಚ್ಚಿ ತೊಳೆದು, ಓ-ರಿಂಗ್ ಎಲ್ಲ ಹೊಸದು ಹಾಕಿ. ಅದಕ್ಕೆ ಆಗುವುದು ಚಿಲ್ಲರೆ ಕಾಸು. ರಬ್ಬರ್ ಪೈಪ್ ಇದ್ದರೆ ಅದನ್ನೂ ಬದಲಿಸಿ. ತೈಲದ ಹೆಸರನ್ನು ಡಬ್ಬಿಯ ಮೇಲೆ ದಪ್ಪಗೆ ಬರೆಯಿರಿ. ಮುಂದಿನ ಎಡವಟ್ಟು ಮಾಡುವವರು ನೀವೇ ಇರಬಹುದು, ಅಲ್ವಾ?

ಚಕ್ರ ಏರಿಸಿ, ನಟ್ ಬಿಗಿದು, ಸ್ಪ್ಲಿಟ್ ಪಿನ್ ಹಾಕಿ.

ಬ್ರೇಕ್ ಪೈಪಿನಲ್ಲಿ ಸಿಕ್ಕ ಗಾಳಿ ಹೊರಹಾಕುವುದಕ್ಕೆ ನಮ್ಮ ಗ್ಯಾರೇಜುಗಳಲ್ಲಿ ‘ಏರ್ ತೆಗೆಯೋದು’ ಅಂತಾರಲ್ಲ, ಅದನ್ನು ಇಲ್ಲಿ ಕೆಳಗಿನಿಂದ ಮಾಡಿ. ಎಣ್ಣೆ ಪಂಪಿನಿಂದ ಕ್ಯಾಲಿಪರ್ ಮೂಲಕ ತೈಲ ಮೇಲಕ್ಕೆ ತಳ್ಳಿದರೆ ಗುಳ್ಳೆ ತಾವಾಗಿ ಏರುತ್ತವೆ. ಮೇಲೆ ಕೂತು ಸುಮ್ನೆ ಪೆಡಲ್ ತುಳಿದು ಇಡೀ ದಿನ ಕಳೆದವರನ್ನು ನೋಡಿದ್ದೇನೆ.

ಹೊಸ ಲೈನಿಂಗನ್ನು ಪಳಗಿಸದೆ ಹಾರಬೇಡಿ. ತಯಾರಕರ ಚೀಟಿಯಂತೆ ನಿಧಾನಕ್ಕೆ ಓಡಿಸುತ್ತಾ ಬ್ರೇಕ್ ಒತ್ತಿ, ಹತ್ತು-ಹದಿನೈದು ನಿಮಿಷ ಆರಲು ಬಿಡಿ. ಆಮೇಲೆ ಬ್ರೇಕ್ ಹಿಡಿದು ಎಂಜಿನ್ ಜೋರು ಮಾಡಿ. ವಿಮಾನ ಜಾರಿದರೆ ಮತ್ತೊಮ್ಮೆ ಪಳಗಿಸಿ.