ಗೋಡೆಚಿತ್ರದ ನಡಿಗೆ ಮೂರನೇ ಸಲಕ್ಕೆ ಕೈಹಿಡಿಯಿತು

‘ಗೋಡೆ ನೋಡಲು ದುಡ್ಡು ಕೊಡುವವರು ಯಾರು ಮಾರಾಯರೇ?’ ಎಂದು ನಕ್ಕವರಲ್ಲಿ ಇಬ್ಬರು ಈಗ ತಮ್ಮ ನೆಂಟರನ್ನೇ ಮಂಗಳೂರಿನ ಗೋಡೆಚಿತ್ರಗಳನ್ನು ತೋರಿಸುವ ನನ್ನ ನಡಿಗೆಗೆ ಕಳುಹಿಸುತ್ತಾರೆ.

ಮೊದಲ ಸಲ ಶನಿವಾರ ಸಂಜೆ ನಾಲ್ಕಕ್ಕೆ ಹಂಪನಕಟ್ಟೆಯಿಂದ ಹೊರಟೆವು. ಏಳು ಜನ, ತಲೆಗೆ ಇನ್ನೂರು ರೂಪಾಯಿ. ಯಕ್ಷಗಾನದ ವೇಷ ತೋರಿಸಲು ಕರೆದೊಯ್ದರೆ ಅದರ ಮುಂದೆ ಮೀನಿನ ಟೆಂಪೊ ನಿಂತಿತ್ತು. ಕಂಡದ್ದು ಕಿರೀಟದ ತುದಿ ಮಾತ್ರ. ಎಲ್ಲರ ಹಣ ಹಿಂದಿರುಗಿಸಿದೆ. ಗೋಳಿಬಜೆ, ಚಹಾ ಎಂದು ಮುನ್ನೂರರಷ್ಟು ಕೈಯಿಂದಲೇ ಹೋಯಿತು. ಎರಡನೆಯದು ಜುಲೈಯಲ್ಲಿ. ಕಂಬಳದ ಕೋಣಗಳ ಮೈಮೇಲೆ ಹಸಿರು ಪಾಚಿ! ಬಂದದ್ದು ಮೂವರು, ಅದರಲ್ಲಿ ಒಬ್ಬ ನನ್ನ ಭಾವ.

ಈಗ ಮಳೆ ಬಿಟ್ಟ ಮೇಲೆ, ಭಾನುವಾರ ಬೆಳಿಗ್ಗೆ ಆರೂವರೆಗೆ. ಗೋಡೆಗೆ ಒರಗಿ ನಿಲ್ಲುವ ವಾಹನಗಳಿಲ್ಲ. ಅಂಗಡಿಗಳ ಶಟರ್ ಇಳಿದಿರುತ್ತದೆ, ಅದರ ಮೇಲಿನ ಚಿತ್ರ ವಾರದಲ್ಲಿ ಆಗಷ್ಟೇ ಕಾಣುವುದು. ಮೊದಲು ಪೂರ್ವಕ್ಕೆ ಮುಖ ಮಾಡಿದ ಗೋಡೆಗಳು. ಬಂದರಿನವರೆಗೆ ಮೂರು ಕಿಲೋಮೀಟರ್ ಇರಬಹುದು, ಎರಡೂವರೆ ಗಂಟೆ. ಕಳೆದ ಸಲ ಹದಿನಾಲ್ಕು ಜನ, ಖರ್ಚು ಕಳೆದು ಎರಡು ಸಾವಿರ ಚಿಲ್ಲರೆ ಉಳಿಯಿತು.

ಹೊಸ ಚಿತ್ರದ ಸುಳಿವಿಗೆ ದಾರಿಹೋಕರನ್ನು ಕೇಳಿ ಪ್ರಯೋಜನವಿಲ್ಲ, ಪೇಂಟ್ ಅಂಗಡಿಗೆ ಹೋಗಬೇಕು. ಮನೆಗೆ ಬಳಿಯುವವರು ಒಂದೇ ಬಣ್ಣದ ಬಕೆಟ್‌ಗಳನ್ನು ಒಯ್ಯುತ್ತಾರೆ. ಚಿತ್ರ ಬರೆಯುವವರು ಬಿಳಿಯ ಬಕೆಟ್ ಒಂದು, ಜೊತೆಗೆ ಬಿಳಿಗೆ ಬೆರೆಸುವ ಹತ್ತಾರು ಗಾಢ ಬಣ್ಣದ ಸ್ಟೈನರ್ ಬಾಟಲಿ. ಯಾವ ಅಂಗಡಿ ಎಂದು ಮಾತ್ರ ಹೇಳುವುದಿಲ್ಲ.

ನಡುವೆ ಒಂದು ಹುಚ್ಚು, ಮಳೆಗೆ ಗೋಡೆಯ ಬಣ್ಣ ಏನಾಗುತ್ತದೆಂದು ನೋಡುವುದು. ಒಂದೇ ಮುರಕಲ್ಲಿನ (ಜಂಬಿಟ್ಟಿಗೆಯ) ಕಾಂಪೌಂಡನ್ನು ಎರಡು ವರ್ಷ ಮೇಯಲ್ಲೂ ಅಕ್ಟೋಬರಿನಲ್ಲೂ ಫೋಟೊ ತೆಗೆದೆ. ಬುಡದ ಎರಡಡಿಯ ಬಣ್ಣ ಮೊದಲು ಏಳುತ್ತದೆ. ನೆಲದ ತೇವ ಮೇಲೇರುತ್ತದಲ್ಲ. ಆಮೇಲೆ ಸಂತ ಅಲೋಶಿಯಸ್ ಚಾಪೆಲ್‌ಗೆ ಹೋಗಿ, ಇಟಲಿಯ ಆಂಟೋನಿಯೊ ಮೊಸ್ಕೇನಿ 1900ರ ಆಸುಪಾಸಿನಲ್ಲಿ ಬರೆದ ಫ್ರೆಸ್ಕೊಗಳ ಕೆಳಗೆ ಕುತ್ತಿಗೆ ನೋಯುವಷ್ಟು ನಿಂತೆ. ಹಸಿ ಗಾರೆಯೇ ಬಣ್ಣವನ್ನು ಕುಡಿದಿದೆ. ತಲೆಯ ಮೇಲೆ ಸೂರಿದೆ, ಅದನ್ನೂ ಒಪ್ಪುತ್ತೇನೆ. ನಮ್ಮ ಕರಾವಳಿಯ ಕಾವಿ ಕಲೆಯೂ ಹಾಗೆಯೇ: ಕೆಮ್ಮಣ್ಣು ಬೆರೆತ ಗಾರೆಯನ್ನು ಕೆರೆದು ಕೆಳಗಿನ ಬಿಳಿ ತೋರಿಸುವುದು. ಸಿಪ್ಪೆ ಏಳಲು ಅಲ್ಲಿ ಸಿಪ್ಪೆಯೇ ಇಲ್ಲ.

ಮೊನ್ನೆ ಆ ಪೇಂಟ್ ಅಂಗಡಿಯವರೂ ನಡಿಗೆಗೆ ಬಂದಿದ್ದರು. ಒಂದು ಚಿತ್ರವನ್ನೂ ತಲೆಯೆತ್ತಿ ನೋಡಲಿಲ್ಲ. ಪ್ರತಿ ಗೋಡೆಯ ಬುಡವನ್ನು ಉಗುರಿನಿಂದ ಕೆರೆದು, ‘ಪ್ರೈಮರ್ ಹಾಕಿಲ್ಲ’ ಎನ್ನುತ್ತಾ ಮುಂದೆ ಹೋದರು.